ಊರುಗೋಲು ಬಿಡುವ ಮೊದಲು

ಆ ಕಾರು ಹತ್ತಬಾರದಿತ್ತು. ಹತ್ತಿದರೂ ಮನೆಯ ಮುಂದೆ ಇಳಿಯಬಾರದಿತ್ತು. ಎರಡು ಬೀದಿ ಆಚೆ, ಮುಚ್ಚಿಹೋದ ಬೇಕರಿಯ ಹತ್ತಿರ ಇಳಿದು ನಡೆದು ಬಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಉತ್ತರ ಫಿಲಡೆಲ್ಫಿಯಾದಲ್ಲೇ ಹುಟ್ಟಿ ಬೆಳೆದು, ಅಲ್ಲೇ ತಲೆ ನರೆಸಿಕೊಂಡ ವರ್ನೆಲ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹಿಂದಿನ ಸಂಜೆಯಿಂದ ಅವಳು ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕಾಲು ಊದಿ ಬೂಟಿನೊಳಗೆ ಹಿಡಿಸುತ್ತಿರಲಿಲ್ಲ. ಮಗನ ಸೊಂಟದಿಂದ ಗುಂಡು ತೆಗೆದಾಯಿತು, ಬದುಕುತ್ತಾನೆ ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು. ಮಫ್ತಿಯಲ್ಲಿದ್ದ ಪೊಲೀಸ್ ಪತ್ತೇದಾರ ಬಂದು "ಬನ್ನಿ, ನಾನೂ ಆ ಕಡೆಗೇ ಹೋಗ್ತಿದ್ದೀನಿ" ಎಂದಾಗ ತಲೆಯಾಡಿಸಿ ಹತ್ತಿಬಿಟ್ಟಳು. ಅವನು ಸೆಕೆಯ ಬಗ್ಗೆ ಏನೋ ಅಂದ. ಅವಳಿಗೆ ನಿದ್ದೆ ಬಂತು.

ಎಚ್ಚರವಾದಾಗ ಕಾರು ಮನೆಯೆದುರು ನಿಂತಿತ್ತು. ಜುಲೈ ತಿಂಗಳ ಶನಿವಾರ ಬೆಳಗ್ಗೆ. ಬೀದಿಯ ಎರಡೂ ಬದಿಯ ಮನೆಮೆಟ್ಟಿಲುಗಳ ಮೇಲೆ ಜನ. ಆ ಕಾರಿಗೆ ಪೊಲೀಸರ ಬಣ್ಣವಿರಲಿಲ್ಲ, ನೆತ್ತಿಯ ಮೇಲೆ ದೀಪವಿರಲಿಲ್ಲ. ಅದಕ್ಕೇ ಅದು ಯಾರದ್ದೆಂದು ಅಲ್ಲಿನ ಹಾಲುಗಲ್ಲದ ಮಗುವಿಗೂ ಗೊತ್ತಿತ್ತು. ಸಾಲದ್ದಕ್ಕೆ ಪತ್ತೇದಾರ ತಾನೇ ಇಳಿದು ಸುತ್ತಿಬಂದು ಅವಳಿಗೆ ಬಾಗಿಲು ತೆಗೆದ. ಆ ಮರ್ಯಾದೆಯೇ ಅವಳ ಮನೆಗೆ ಮುಳುವಾದದ್ದು.

ಗುಂಡು ಹೊಡೆದವನು ಕ್ವಾದಿರ್. ಇದು ಇಡೀ ಬೀದಿಗೆ ಗೊತ್ತಿತ್ತು. ಮಿಸ್ಟರ್ ಕ್ಲೀವ್ ಅವರ ಕ್ಷೌರದಂಗಡಿಯ ಮುಂದೆ ಹುಡುಗರು ಸೇರಿ ರ‍್ಯಾಪಿನ ಸವಾಲು-ಜವಾಬು ನಡೆಸಿದ್ದರು. ವರ್ನೆಲ್‌ಳ ಮಗ ನಫೀಸ್‌ಗೆ ಪ್ರಾಸವೆಂದರೆ ಉಸಿರಾಡಿದಷ್ಟು ಸಲೀಸು. ಎದುರಿಗೆ ನಿಂತಿದ್ದ ಕ್ವಾದಿರ್ ಒಂದನೇ ತರಗತಿಯಿಂದ ಅವನ ಜೊತೆ ಆಡಿ ಬೆಳೆದವನು. ನಫೀಸ್ ಅವನತ್ತ ಬೆರಳು ತೋರಿಸಿ ಅಂದ:

"ನಿನ್ನಮ್ಮ ಮಾರಿದ್ಲು ಟೀವಿ, ಆಮೇಲೆ ಮಾರಿದ್ಲು ಒಲೆ, ನಿನ್ನನ್ನೂ ಮಾರ್ತಿದ್ಲು, ಯಾರೂ ಕಟ್ಟಲಿಲ್ಲ ಬೆಲೆ!"

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಕ್ವಾದಿರ್ ನಗಲಿಲ್ಲ. ಅವನ ತಾಯಿ ಮಾದಕದ ಚಟಕ್ಕೆ ಬಿದ್ದು ನಿಜವಾಗಿಯೂ ಟೀವಿ ಮಾರಿದ್ದಳು, ಒಲೆ ಮಾರಿದ್ದಳು. ಆ ಒಲೆ ಕೈಗಾಡಿಯ ಮೇಲೆ ಹೋಗುವಾಗ ಇಬ್ಬರು ಹುಡುಗರೂ ಪಕ್ಕಪಕ್ಕದಲ್ಲಿ ನಿಂತು ನೋಡಿದ್ದರು. ಕ್ವಾದಿರ್ ಮನೆಗೆ ಹೋಗಿ ವಾಪಸು ಬಂದ. ಒಂದೇ ಗುಂಡು ಹಾರಿತು.

ಪೊಲೀಸರು ಬಂದು ಕೇಳಿದಾಗ ಯಾರೂ ಏನೂ ನೋಡಿರಲಿಲ್ಲ. ಒಬ್ಬ ಬೂಟಿನ ದಾರ ಕಟ್ಟುತ್ತಿದ್ದ. ಒಬ್ಬಳ ಕಣ್ಣಿಗೆ ಕಸ ಬಿದ್ದಿತ್ತು. "ಗಿರಾಕಿಯ ಕಿವಿ ಹಿಂದೆ ಬ್ಲೇಡು ಇಟ್ಕೊಂಡು ಕಿಟಕಿ ಕಡೆ ನೋಡಿದ್ರೆ ಕಿವಿ ನನ್ನ ಕೈಗೆ ಬರ್ತಿತ್ತು ಸಾರ್" ಎಂದರು ಮಿಸ್ಟರ್ ಕ್ಲೀವ್. ಆಪರೇಷನ್ನಿಗೆ ಮೊದಲು ನಫೀಸ್‌ನನ್ನೇ ಕೇಳಿದರು. "ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದ. ಆ ಸಂಜೆ ಮೋಡ ಕವಿದಿತ್ತು.

ವರ್ನೆಲ್ ಮಗನನ್ನು ದೂರಲಿಲ್ಲ. ಅವಳಿಗೊಬ್ಬ ಅಣ್ಣನಿದ್ದ, ಅಲೊಂಜೊ. ಕಳ್ಳತನದಲ್ಲಿ ಸಿಕ್ಕಿಬಿದ್ದ ಒಬ್ಬ ತನ್ನ ಶಿಕ್ಷೆ ಇಳಿಸಿಕೊಳ್ಳಲು ಆ ಅಣ್ಣನ ಹೆಸರು ಹೇಳಿದ್ದ. ಕೇಳುವ ಪೊಲೀಸರಿಗೂ ಒಂದು ಹೆಸರು ಬೇಕಿತ್ತು. ಮಾಡದ ಕಳ್ಳತನಕ್ಕೆ ಅಲೊಂಜೊ ಒಂಬತ್ತು ವರ್ಷ ಜೈಲಿನಲ್ಲಿ ಕಳೆದ. ಹೊರಗೆ ಬಂದಮೇಲೂ ಬಾಗಿಲಿಗೆ ಬೆನ್ನು ಹಾಕಿ ಕೂತು ಉಂಡದ್ದೇ ಇಲ್ಲ. ಪೊಲೀಸರ ಮುಂದೆ ಬಾಯಿ ಬಿಡಬಾರದೆಂಬುದನ್ನು ವರ್ನೆಲ್ ಈ ಹುಡುಗರ ಹಾಗೆ ಯಾವ ಹಾಡಿನಿಂದಲೂ ಕಲಿತಿರಲಿಲ್ಲ.

ಸೋಮವಾರ ಪೊಲೀಸರು ಬೀದಿಯ ಇಬ್ಬರು ಹುಡುಗರನ್ನು ಕರೆದೊಯ್ದು ಪ್ರಶ್ನೆ ಕೇಳಿ ಬಿಟ್ಟರು. ಕ್ವಾದಿರ್‌ನ ಅಜ್ಜಿಯ ಮನೆಯ ಬಾಗಿಲನ್ನೂ ತಟ್ಟಿದರು. ಅವನು ಹಿತ್ತಿಲಿನಿಂದ ಜಾರಿಕೊಂಡ. ಬೀದಿ ಎರಡಕ್ಕೆ ಎರಡು ಕೂಡಿಸಿತು: ಶನಿವಾರ ಕಾರು, ಸೋಮವಾರ ಪೊಲೀಸರು. ತಾಯಿ ಹೇಳಿದ್ದಾಳೆ. ತಾಯಿಗೆ ಮಗ ಹೇಳಿದ್ದಾನೆ.

ನಫೀಸ್ ಎರಡು ಊರುಗೋಲುಗಳ ಮೇಲೆ ಮನೆಗೆ ಬಂದ ದಿನ ಯಾರೂ ಮೆಟ್ಟಿಲಿನಿಂದ ಏಳಲಿಲ್ಲ. ಎದುರುಮನೆಯವಳು ಹೂಕುಂಡದ ಎಲೆಗಳನ್ನು ಬಹಳ ಶ್ರದ್ಧೆಯಿಂದ ಒರೆಸಿದಳು. ಅದೇ ವಾರ ಶರೀಫ್‌ನ ಹೊಸ ಸೀಡಿ ಹೊರಬಂತು. ಶರೀಫ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಮೈಕು ಕಟ್ಟಿಕೊಂಡು ಬೀದಿಯ ಹುಡುಗರ ಹಾಡುಗಳನ್ನು ಮುದ್ರಿಸಿ ಮಾರುವವನು. ಸಂಜೆ ಒಂದು ಕಾರು ಆ ಸೀಡಿಯಲ್ಲಿ ನಫೀಸ್ ಕೂಡ ಸರದಿ ಹೇಳಿದ್ದ ಹಾಡನ್ನು ಜೋರಾಗಿ ಹಾಕಿಕೊಂಡು ನಿಧಾನಕ್ಕೆ ಹಾದುಹೋಯಿತು. ಆ ಹಾಡು ವರ್ನೆಲ್‌ಗೆ ಬಾಯಿಪಾಠ. ಮಗ ಸ್ನಾನದ ಮನೆಯಲ್ಲಿ ತಿಂಗಳುಗಟ್ಟಲೆ ಅದನ್ನೇ ಹೇಳಿದ್ದ. ಮೊದಲನೆಯವನು ಹೇಳಿದ, ಎರಡನೆಯವನು ಹೇಳಿದ. ನಫೀಸ್‌ನ ದನಿ ಬರಬೇಕಾದ ಕಡೆ ಬರೀ ಡೋಲು ಬಡಿಯಿತು. ಹದಿನಾರು ಸಾಲುಗಳಷ್ಟು ಹೊತ್ತು ಬರೀ ಡೋಲು. ಸೋಫಾದ ಮೇಲಿದ್ದ ನಫೀಸ್ ಆ ಸಾಲುಗಳನ್ನು ತುಟಿಯಲ್ಲೇ ಆಡಿಸಿದ್ದನ್ನು ಅವಳು ನೋಡಿದಳು.

"ಅಮ್ಮಾ, ಆವತ್ತು ಬಸ್ಸಿರಲಿಲ್ವಾ?" ಎಂದು ಕೇಳಿದ.

"ಕಾಲು ಊದಿತ್ತು ಕಣೋ."

"ಇಲ್ಲಿ ಜನರಿಗೆ ಗುಂಡು ಬಿದ್ರೂ ನಡ್ಕೊಂಡು ಬರ್ತಾರೆ. ನಿನಗೆ ಕಾಲು ಊದಿತ್ತಾ?"

"ನಾನು ಅವನಿಗೆ ಒಂದು ಮಾತೂ ಹೇಳಿಲ್ಲ."

"ನನಗ್ಗೊತ್ತು. ಬೀದಿಗೆ ಹೋಗಿ ಹೇಳು, ನಂಬ್ತಾರಾ ನೋಡೋಣ."

ಮಾರನೆಯ ದಿನ ಶರೀಫ್ ಬಂದ. ವರ್ನೆಲ್ ಅಡುಗೆಮನೆಯಲ್ಲಿ ಕಾಲರ್ಡ್ ಸೊಪ್ಪು ಬಿಡಿಸುತ್ತಿದ್ದಳು. ಗೋಡೆ ತೆಳು, ಮಾತೆಲ್ಲ ಕೇಳಿಸುತ್ತಿತ್ತು.

"ನಾನು ನಂಬಲ್ಲ ಮಗಾ," ಎನ್ನುತ್ತಿದ್ದ ಶರೀಫ್. "ಆದ್ರೆ ನನ್ನ ನಂಬಿಕೆ ಕಟ್ಕೊಂಡು ಸೀಡಿ ಮಾರೋಕಾಗಲ್ಲ."

"ನನ್ನ ಹದಿನಾರು ಸಾಲು ಕಿತ್ತು ಹಾಕಿದ್ಯಲ್ಲೋ."

"ಆ ಸಾಲಲ್ಲಿ ಏನಂದಿದ್ದೀಯ, ನೆನಪು ಮಾಡ್ಕೋ. ಹೂತಾಕಿದ್ರೂ ಬಾಯಿ ಬಿಡಲ್ಲ ಅಂದಿದ್ದೀಯ. ಈಗ ಅದನ್ನ ಹಾಕಿದ್ರೆ ಜನ ನಗ್ತಾರೆ."

"ಮತ್ತೆ ನಾನೇನ್ ಮಾಡ್ಲಿ?"

"ಚಾಡಿಕೋರ ಯಾವತ್ತೂ ತನ್ನ ಲೆಕ್ಕ ತಾನೇ ತೀರಿಸಲ್ಲ. ನೀನು ತೀರಿಸು. ಆಮೇಲೆ ಯಾರು ಮಾತಾಡ್ತಾರೆ ನೋಡ್ತೀನಿ. ಮೊದ್ಲು ಕೋಲು ಬಿಟ್ಟು ನಡೆಯೋದು ಕಲಿ."

ಹೋಗುವಾಗ ಅವನು "ಶೂ ತಂದಿದ್ದೀನಿ ಇವನಿಗೆ, ಮಿಸ್ ವರ್ನೆಲ್" ಎಂದು ನಕ್ಕ. ನಫೀಸ್ ಮಲಗಿದ ಮೇಲೆ ಅವಳು ಮಂಚದ ಕೆಳಗಿದ್ದ ಡಬ್ಬಿಯನ್ನು ಎಳೆದು ನೋಡಿದಳು. ಮಗನ ಪಾದ ಹನ್ನೊಂದರ ಅಳತೆಯದು. ಡಬ್ಬಿಯ ಮೇಲೆ ಎಂಟು ಎಂದಿತ್ತು. ಶೂಗಳಿಗಿಲ್ಲದ ಭಾರವಿತ್ತು. ಮುಚ್ಚಳ ಎತ್ತಿ ಕರಿಯ ಪಿಸ್ತೂಲನ್ನು ನೋಡಿ ಹಾಗೇ ಮುಚ್ಚಿದಳು. ಎಸೆದುಬಿಡಬಹುದಿತ್ತು. ಎಸೆದರೆ ನಾಳೆ ಇನ್ನೊಂದು ಡಬ್ಬಿ ಬರುತ್ತದೆ. ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಡಬ್ಬಿಯ ಜೊತೆ ಮಗನೂ ಹೋಗುತ್ತಾನೆ.

ಊರುಗೋಲು ಬಿಡಲು ಮೂರು ವಾರ ಬೇಕು ಎಂದು ಡಾಕ್ಟರು ಹೇಳಿದ್ದರು. ನಫೀಸ್ ದಿನವೂ ಗೋಡೆ ಹಿಡಿದು ನಡುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ಮಗ ಹೆಜ್ಜೆಯಿಟ್ಟರೆ ಯಾವ ತಾಯಿಗೆ ಸಂತೋಷವಾಗುವುದಿಲ್ಲ? ವರ್ನೆಲ್ ಅವನ ಒಂದೊಂದು ಹೆಜ್ಜೆಯನ್ನೂ ಎದೆ ಹಿಡಿದುಕೊಂಡು ಕೇಳಿದಳು.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಡಬ್ಬಿ ನೋಡಿದ ಮರುದಿನ ಅಲ್ಲಿಂದ ಬರುತ್ತ ನೇರವಾಗಿ ಕ್ಷೌರದಂಗಡಿಗೆ ಹೋದಳು. ಒಳಗಿದ್ದ ಮೂವರು ಗಂಡಸರು ತಟ್ಟನೆ ಟೀವಿಯ ಕಡೆ ತಿರುಗಿದರು. ಟೀವಿ ಆಫ್ ಆಗಿತ್ತು.

"ನಾನು ಏನೂ ಹೇಳಿಲ್ಲ ಮಿಸ್ಟರ್ ಕ್ಲೀವ್," ಎಂದಳು ನಿಂತುಕೊಂಡೇ. "ಅದನ್ನ ನಿಮ್ಮ ಬಾಯಿಂದ ನಾಲ್ಕು ಜನಕ್ಕೆ ಹೇಳಿ."

ಮಿಸ್ಟರ್ ಕ್ಲೀವ್ ಕುರ್ಚಿಯ ಮೇಲಿನ ಕೂದಲು ಝಾಡಿಸಿದರು. "ನಾನು ಹೇಳ್ತೀನಿ ಕಣಮ್ಮ. ಅವರು ತಲೆಯಾಡಿಸ್ತಾರೆ. ಹೊರಗೆ ಹೋದ್ಮೇಲೆ, ಪಾಪ ಮುದುಕ, ಅವಳ ಕೈಯಡುಗೆ ತಿಂದಿದ್ದಾನೆ ಅಂತಾರೆ. ಮಾಡಿದ್ದನ್ನ ತೋರಿಸಬಹುದು. ಮಾಡದೇ ಇದ್ದದ್ದನ್ನ ಹೆಂಗೆ ತೋರಿಸ್ತೀಯ?"

"ನಿಮ್ಮ ಕಾಲದಲ್ಲೂ ಹಿಂಗೇ ಇತ್ತಾ?"

"ನಮ್ಮ ಕಾಲದಲ್ಲಿ ಕದ್ದವನು ತನ್ನ ಚರ್ಮ ಉಳಿಸಿಕೊಳ್ಳೋಕೆ ಇನ್ನೊಬ್ಬನ್ನ ಹಿಡಿದುಕೊಟ್ರೆ ಅವನು ಚಾಡಿಕೋರ. ನಿಮ್ಮಣ್ಣನಿಗೆ ಆಯ್ತಲ್ಲ, ಹಂಗೆ. ಈ ಹುಡುಗರ ಲೆಕ್ಕದಲ್ಲಿ ಬಾಯಿ ಇರೋರೆಲ್ಲ ಚಾಡಿಕೋರರು. ನಿನ್ನ ಮಗ ಹೇಳಂಗಿಲ್ಲ, ನೀನು ಹೇಳಂಗಿಲ್ಲ, ನಾನು ಹೇಳಂಗಿಲ್ಲ."

"ಕ್ವಾದಿರ್?"

"ಏನು?"

"ಅವನು ಹೇಳಬಹುದಾ? ತನ್ನ ಬಗ್ಗೆ ತಾನು?"

ಟೀವಿ ನೋಡುತ್ತಿದ್ದವರಲ್ಲಿ ಒಬ್ಬ ತಿರುಗಿದ. ಮಿಸ್ಟರ್ ಕ್ಲೀವ್ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟರು. "ತನ್ನ ಬಾಯಿ ತನ್ನದು. ಅದಕ್ಕೆ ಯಾವನೂ ಬೇಡ ಅನ್ನಂಗಿಲ್ಲ. ಆದ್ರೆ ಯಾವ ಹುಚ್ಚ ಹೋಗಿ ಹೇಳ್ತಾನಮ್ಮ?"

"ನೋಡೋಣ," ಎಂದಳು ವರ್ನೆಲ್.

ಕ್ವಾದಿರ್‌ನ ಅಜ್ಜಿ ಮಿಸ್ ಅರ್ಲೀನ್ ಬೀದಿಯ ಆ ತುದಿಯಲ್ಲಿದ್ದರು. ಒಂದು ಕಾಲದಲ್ಲಿ ಅವರೂ ವರ್ನೆಲ್‌ಳೂ ಚರ್ಚಿನ ಗಾಯನದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವರು. ಹಾಡಹಗಲೇ, ಬೀದಿಯೆಲ್ಲ ನೋಡುತ್ತಿರುವಾಗ, ವರ್ನೆಲ್ ಹೋಗಿ ಅವರ ಮೆಟ್ಟಿಲ ಮೇಲೆ ಕೂತಳು. ಮುದುಕಿ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಒಳಗೆ ಬಾ, ಫ್ಯಾನ್ ಇದೆ."

"ಇಲ್ಲೇ ಸಾಕು ಮಿಸ್ ಅರ್ಲೀನ್. ಎಲ್ರಿಗೂ ಕಾಣ್ಲಿ. ಬಾಗಿಲು ಹಾಕ್ಕೊಂಡು ಏನು ಮಾತಾಡಿದ್ರೋ ಅಂತ ಇನ್ನೊಂದು ಕಥೆ ಬೇಡ."

"ಅವನು ಮನೇಲಿಲ್ಲ."

"ಗೊತ್ತು. ಒಳಗೆ ಕೆಮ್ಮಿದ್ದು ಬೆಕ್ಕಿರ್ಬೇಕು."

ಮುದುಕಿಯ ತುಟಿ ನಗಲು ಹೊರಟು ನಿಂತಿತು. ವರ್ನೆಲ್ ಬೋಗುಣಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ನಾರು ಎಳೆಯತೊಡಗಿದಳು.

"ಅವರಿಗೆ ಹೇಳಿದ್ಯಾ ವರ್ನೆಲ್? ಹೇಳಿದ್ರೂ ನಾನು ಬೈಯಲ್ಲ. ಗುಂಡು ತಿಂದವನು ನಿನ್ನ ಮಗ."

"ಹೇಳಿಲ್ಲ. ಹೇಳೋದೂ ಇಲ್ಲ. ನಿಮ್ಮ ಮೊಮ್ಮಗನೇ ಹೋಗಿ ಹೇಳ್ಬೇಕು."

ಜಾಲರಿಬಾಗಿಲಿನ ಹಿಂದಿನಿಂದ ದನಿ ಬಂತು. "ಹೋಗಿ ಮಿಸ್ ವರ್ನೆಲ್. ನೀವು ಕಾರಲ್ಲಿ ಬರೋರು. ನಿಮ್ಮ ಹತ್ರ ನಂಗೇನ್ ಮಾತು?"

"ಇವತ್ತು ನಡ್ಕೊಂಡೇ ಬಂದೆ ಕಣೋ. ನಾಳೇನೂ ಬರ್ತೀನಿ."

ಬಂದಳು. ಅದರ ಮಾರನೆಯ ದಿನವೂ ಬಂದಳು. ಕೆಲಸ ಮುಗಿಸಿ ಏಪ್ರನ್ ಕೂಡ ಬಿಚ್ಚದೆ ಬಂದು ಕೂರುತ್ತಿದ್ದಳು. ಒಂದು ದಿನ ಹುರುಳಿಕಾಯಿ, ಒಂದು ದಿನ ಜೋಳದ ಸಿಪ್ಪೆ. ಒಂದು ದಿನ ಬಿಡಿಸಲು ಏನೂ ಇಲ್ಲದೆ ಇಬ್ಬರೂ ಸುಮ್ಮನೆ ಕೂತರು. ಎದುರಿನ ಮೆಟ್ಟಿಲ ಹುಡುಗರು "ಮಿಸ್ ವರ್ನೆಲ್, ಬಾಡಿಗೆ ಎಷ್ಟು ಕೊಡ್ತೀರಿ ಆ ಮೆಟ್ಟಿಲಿಗೆ?" ಎಂದು ಕೂಗಿದರು. "ನಿಮ್ಮಪ್ಪ ಕೊಡ್ತಾನೆ, ಸಿಕ್ಕಿದ್ರೆ ಕೇಳಿ," ಎಂದಳು. ಹುಡುಗರು ಒಬ್ಬರನ್ನೊಬ್ಬರು ತಳ್ಳಿಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ಬೀದಿಯವರು ಅವಳ ಜೊತೆ ಮಾತಾಡಿದ್ದು ಅದೇ ಮೊದಲು.

ತಾನು ಮಾಡುತ್ತಿರುವುದು ಸರಿಯೇ ಎಂದು ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ದಿನವೂ ಅನುಮಾನ ಬರುತ್ತಿತ್ತು. ಅದೇ ಬೀದಿಯ ಕೂಸನ್ನು ಜೈಲಿಗೆ ಕಳಿಸಿ ತನ್ನ ಕೂಸನ್ನು ಉಳಿಸಿಕೊಳ್ಳುವ ಹೆಂಗಸಿಗೂ ಅಲೊಂಜೊನ ಹೆಸರು ಕೊಟ್ಟವನಿಗೂ ಏನು ವ್ಯತ್ಯಾಸ? ಉತ್ತರ ಪೂರ್ತಿ ಸಿಗುತ್ತಿರಲಿಲ್ಲ. ಬೆಳಗಾದರೆ ನಡುಮನೆಯಲ್ಲಿ ಮಗನ ಹೆಜ್ಜೆಯ ಸದ್ದು ಕೇಳುತ್ತಿತ್ತು. ಸಂಜೆ ಮತ್ತೆ ಮೆಟ್ಟಿಲಿಗೆ ಬರುತ್ತಿದ್ದಳು.

ಎರಡನೆಯ ವಾರದ ಕೊನೆಗೆ ಕ್ವಾದಿರ್ ಜಾಲರಿಬಾಗಿಲು ತೆರೆದು ಹೊರಬಂದ. ಗಡ್ಡ ಬೆಳೆದಿತ್ತು, ಕಣ್ಣುಗಳು ಗುಳಿಬಿದ್ದಿದ್ದವು.

"ಏನ್ ಬೇಕು ನಿಮಗೆ?"

ಪಿಸ್ತೂಲಿನ ವಿಷಯ ಅವಳ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಸ್ವಂತ ಮಗನನ್ನೇ ಹಿಡಿದುಕೊಟ್ಟ ಹಾಗೆ. ನುಂಗಿಕೊಂಡಳು.

"ನಫೀಸ್ ನಿನ್ನೆ ಒಂದೇ ಕೋಲಲ್ಲಿ ಅಡುಗೆಮನೆವರೆಗೂ ಬಂದ," ಎಂದಳು. "ಇನ್ನೊಂದು ವಾರದಲ್ಲಿ ಅದನ್ನೂ ಬಿಡ್ತಾನೆ."

ಕ್ವಾದಿರ್ ಅವಳ ಮುಖ ನೋಡಿದ. ಬೀದಿಯಲ್ಲಿ ಬೆಳೆದವನಿಗೆ ಅಷ್ಟು ಸಾಕಿತ್ತು. ಮೆಲ್ಲಗೆ ಅವಳ ಪಕ್ಕದಲ್ಲಿ ಕೂತ.

"ಬರ್ಲಿ. ನನ್ ಹತ್ರಾನೂ ಇದೆ."

"ಹೌದು. ನೀನು ಅವನ್ನ ಹೊಡೀತೀಯ, ಇಲ್ಲ ಅವನು ನಿನ್ನ ಹೊಡೀತಾನೆ. ನನಗಾಗ್ಲಿ ನಿಮ್ಮಜ್ಜಿಗಾಗ್ಲಿ ಒಂದು ಹೆಣ ಗ್ಯಾರಂಟಿ. ಈಗ ಅವನು ಬದುಕಿದ್ದಾನೆ. ಈಗ ಹೋದ್ರೆ ನಿನಗೆ ಇಷ್ಟು ವರ್ಷ ಅಂತ ಒಂದು ಲೆಕ್ಕ ಇರುತ್ತೆ."

"ಅವರು ಒಳಗೆ ಹಾಕ್ಕೊಂಡು ಮೂಳೆ ಮುರೀತಾರೆ. ಆಮೇಲೆ ಮೆಟ್ಟಿಲಿಂದ ಬಿದ್ದ ಅಂತಾರೆ."

"ಅದಕ್ಕೆ ನಾನು ಬರ್ತೀನಿ ಜೊತೇಲಿ. ವಕೀಲರ ಆಫೀಸಿಗೂ ಫೋನ್ ಮಾಡಿದ್ದೀನಿ. ದುಡ್ಡಿಲ್ಲದೋರಿಗೆ ಕೋರ್ಟು ಕೊಡ್ತದಲ್ಲ, ಅವರು. ಒಬ್ಬ ಹೆಂಗಸು, ಗಟ್ಟಿ ದನಿ. ಠಾಣೆ ಬಾಗಿಲಿಗೇ ಬರ್ತೀನಿ ಅಂದಿದ್ದಾಳೆ."

"ನನಗೋಸ್ಕರ ಯಾಕೆ ಇಷ್ಟೆಲ್ಲಾ?"

"ನಿನಗೋಸ್ಕರ ಅಲ್ಲ. ನನ್ನ ಮಗನಿಗೋಸ್ಕರ. ಹೋಗೋ ಮುಂಚೆ ಎಲ್ಲರೆದುರು ಹೇಳ್ಬೇಕು ನೀನು, ಅವನು ಬಾಯಿ ಬಿಟ್ಟಿಲ್ಲ ಅಂತ. ಅದು ನಿನ್ನ ಬಾಯಿಂದ ಬಂದ್ರೆ ಮಾತ್ರ ನಂಬ್ತಾರೆ."

ಮಿಸ್ ಅರ್ಲೀನ್ ಬೋಗುಣಿ ಕೆಳಗಿಟ್ಟು ಮೊಮ್ಮಗನ ತಲೆಯ ಮೇಲೆ ಕೈಯಿಟ್ಟರು. "ಗಡ್ಡ ತೆಗೆಸ್ಕೊಂಡು ಹೋಗು," ಎಂದರು. "ನನ್ನ ಮನೆಯಿಂದ ಹಿಂಗೆ ಯಾರೂ ಹೊರಗೆ ಹೋಗಿಲ್ಲ."

ಶನಿವಾರ ಬೆಳಗ್ಗೆ ಕ್ಷೌರದಂಗಡಿ ತುಂಬಿತ್ತು. ಆ ಕಡೆ ಒಂದು ಪದ್ಧತಿಯಿತ್ತು: ಯಾರಾದರೂ ತಾನಾಗಿ ಠಾಣೆಗೆ ಹೋಗುವುದಿದ್ದರೆ ಮೊದಲು ಮಿಸ್ಟರ್ ಕ್ಲೀವ್ ಹತ್ತಿರ ಬಂದು, ಅಂಗಿ ಬಿಚ್ಚಿ, ಆ ದಿನದ ಪತ್ರಿಕೆ ಎದೆಗೆ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು. ಹೋಗುವಾಗ ಮೈಮೇಲೆ ಗಾಯವಿರಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಕ್ವಾದಿರ್‌ನ ಎದೆ, ಬೆನ್ನು, ಎರಡೂ ಕೆನ್ನೆಗಳ ಫೋಟೋ ಆಯಿತು. ಆಮೇಲೆ ಅವನು ಕುರ್ಚಿಯಲ್ಲಿ ಕೂತ. ಕುತ್ತಿಗೆಯ ಸುತ್ತ ಬಟ್ಟೆ ಬಿಗಿದು, ಗಲ್ಲ ಮೇಲೆತ್ತಿ, ಮಿಸ್ಟರ್ ಕ್ಲೀವ್ ಬ್ಲೇಡು ಇಟ್ಟರು.

ಆಗ ಬಾಗಿಲ ಗಂಟೆ ಅಲುಗಿತು. ನಫೀಸ್ ಬಂದಿದ್ದ. ಕೈಯಲ್ಲಿ ಊರುಗೋಲಿರಲಿಲ್ಲ. ಆ ಸೆಕೆಯಲ್ಲೂ ದೊಗಲೆ ಜಾಕೆಟ್ ತೊಟ್ಟಿದ್ದ. ಅದು ಒಂದು ಬದಿಗೆ ಜಗ್ಗುತ್ತಿತ್ತು. ಹಿಂದೆ ಶರೀಫ್.

ವರ್ನೆಲ್ ಎದ್ದು ಕುರ್ಚಿಗೂ ಮಗನಿಗೂ ನಡುವೆ ನಿಂತಳು. ಕೂಗಲಿಲ್ಲ, ಕೈ ಚಾಚಲಿಲ್ಲ. "ನಾನು ಇಲ್ಲಿಂದ ಕದಲಲ್ಲ," ಎಂದಷ್ಟೇ ಹೇಳಿದಳು.

"ಪಕ್ಕಕ್ಕೆ ಸರಿ ಅಮ್ಮಾ."

"ಸರಿಯೋದಿಲ್ಲ. ಕೇಳಿಸ್ಕೋ ಮೊದ್ಲು."

ಮಿಸ್ಟರ್ ಕ್ಲೀವ್ ಬ್ಲೇಡು ಎತ್ತಿದರು. ಕ್ವಾದಿರ್‌ನ ಅರ್ಧ ಮುಖದಲ್ಲಿ ಇನ್ನೂ ನೊರೆಯಿತ್ತು. ಕೈಗಳು ಬಟ್ಟೆಯ ಕೆಳಗಿದ್ದವು. ಅವನು ಒಂದೊಂದಾಗಿ ಹೊರಗೆ ತೆಗೆದು ಕುರ್ಚಿಯ ತೋಳುಗಳ ಮೇಲೆ ಖಾಲಿ ಇಟ್ಟ.

"ಹೊಡೆದದ್ದು ನಾನು," ಎಂದ. ಎಲ್ಲರಿಗೂ ಕೇಳುವ ಹಾಗೆ ಮತ್ತೆ ಅಂದ. "ನಾನೇ ಹೊಡೆದದ್ದು. ಇವನು ಯಾರಿಗೂ ಹೇಳಿಲ್ಲ. ಇವರಮ್ಮನೂ ಹೇಳಿಲ್ಲ. ಇವರು ಹೇಳಿದ್ರು ಅಂತ ಇನ್ನು ಯಾವನಾದ್ರೂ ಅಂದ್ರೆ ಅವನು ಸುಳ್ಳ. ಈಗ ನಾನೇ ಹೋಗಿ ಹೇಳ್ತಿದ್ದೀನಿ, ನನ್ನ ಹೆಸರೊಂದೇ."

ನಫೀಸ್‌ನ ಹಣೆಯಲ್ಲಿ ಬೆವರು; ಕೋಲಿಲ್ಲದೆ ನಿಂತ ಕಾಲು ನಡುಗುತ್ತಿತ್ತು.

"ಆ ಒಲೆ ಸಾಲು..." ಎಂದ ಕೊನೆಗೆ. "ಅದನ್ನ ಹೇಳ್ಬಾರ್ದಿತ್ತು."

"ಚೆನ್ನಾಗಿತ್ತು ಸಾಲು," ಎಂದ ಕ್ವಾದಿರ್. "ಅದಕ್ಕೇ ಉರೀತು."

ಯಾರೋ ಒಬ್ಬ ಮೂಗಿನಲ್ಲಿ ನಕ್ಕು, ನಕ್ಕದ್ದಕ್ಕೆ ಹೆದರಿ ಕೆಮ್ಮಿದ. ನಫೀಸ್ ಜಾಕೆಟನ್ನು ಹಾಗೇ ಬಿಚ್ಚಿ, ಸುತ್ತಿ, ಭಾರದ ಗಂಟನ್ನು ಶರೀಫ್‌ನ ಎದೆಗೆ ಒತ್ತಿದ. "ನಿನ್ನ ಶೂ ತಗೊಂಡ್ ಹೋಗೋ. ನನ್ ಸೈಜಲ್ಲ."

"ಇಷ್ಟಕ್ಕೇ ಬಿಟ್ಬಿಡ್ತೀಯಾ?" ಎಂದ ಶರೀಫ್.

"ಗುಂಡು ನನ್ ಸೊಂಟಕ್ಕೆ ಬಿದ್ದದ್ದು. ಬಿಡೋದು ಹಿಡಿಯೋದು ನಂದು." ಹಾಗೆಂದು ಅವನು ತಾಯಿಯ ಕಡೆ ತಿರುಗಿದ. "ಕೋರ್ಟಲ್ಲಿ ಕರೆದ್ರೂ ನಾನೇನೂ ಹೇಳಲ್ಲ ಅಮ್ಮಾ."

"ಹೇಳು ಅಂತ ನಿನ್ನ ಯಾರು ಕೇಳಿದ್ರು? ಕೂತ್ಕೋ, ಬೀಳ್ತೀಯ."

ಮಿಸ್ಟರ್ ಕ್ಲೀವ್ ಉಳಿದರ್ಧ ಗಡ್ಡ ತೆಗೆದರು.

ಠಾಣೆಗೆ ಹೊರಟಾಗ ಮೂವರಿದ್ದರು: ಕ್ವಾದಿರ್, ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ವರ್ನೆಲ್. ಬೀದಿಯ ಮೆಟ್ಟಿಲುಗಳ ಮೇಲೆ ಜನ. ಕೆಲವರು ಎದ್ದು ನಿಂತರು, ಕೆಲವರು ಮುಖ ತಿರುಗಿಸಿದರು. ವರ್ನೆಲ್ ಎರಡನ್ನೂ ನೋಡಿದಳು, ನಡಿಗೆ ಬದಲಿಸಲಿಲ್ಲ. ವಕೀಲೆ ಹೇಳಿದ ಹಾಗೆ ಬಾಗಿಲಲ್ಲೇ ಕಾಯುತ್ತಿದ್ದಳು.

ಗಾಜಿನ ಕಿಟಕಿಯ ಹಿಂದಿದ್ದ ಪೊಲೀಸ್ ಮೊದಲು ಮುದುಕಿಯ ಹೆಸರು ಬರೆದುಕೊಂಡ, ಆಮೇಲೆ ವರ್ನೆಲ್‌ಳನ್ನು ನೋಡಿದ.

"ನೀವು ಇವನಿಗೆ ಏನಾಗಬೇಕು?"

"ಇವನ ಗುಂಡು ತಿಂದ ಹುಡುಗನ ತಾಯಿ ನಾನು."

ಅವನ ಪೆನ್ನು ನಿಂತಿತು. "ಹಾಗಾದ್ರೆ ಸಾಕ್ಷಿ ಹೇಳೋಕೆ ಬಂದಿದ್ದೀರಾ?"

"ಇಲ್ಲ. ನಾನೇನೂ ನೋಡಿಲ್ಲ. ಇವನ ಜೊತೆ ಬಂದಿದ್ದೀನಿ."

ವಕೀಲೆಯ ಜೊತೆ ಕ್ವಾದಿರ್‌ನನ್ನು ಒಳಬಾಗಿಲಿನ ಆಚೆ ಕರೆದೊಯ್ದರು. ಅವನು ಒಮ್ಮೆ ತಿರುಗಿ ನೋಡಿದ. ನುಣ್ಣಗೆ ಬೋಳಿಸಿದ ಆ ಮುಖ ಶಾಲೆಗೆ ಹೋಗುವ ಹುಡುಗನ ಮುಖದ ಹಾಗಿತ್ತು. ಬಾಗಿಲು ಮುಚ್ಚಿತು.

"ಆಯ್ತು, ಇನ್ನು ನೀವಿಬ್ರೂ ಮನೆಗೆ ಹೋಗಬಹುದು," ಎಂದ ಪೊಲೀಸ್.

"ಹೋಗಬಹುದು ಅಂತ ಗೊತ್ತು," ಎಂದಳು ವರ್ನೆಲ್. ಮಿಸ್ ಅರ್ಲೀನ್‌ರನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. "ವಕೀಲಮ್ಮ ಹೊರಗೆ ಬಂದು, ಹುಡುಗ ಹೋದ ಹಾಗೇ ಇದ್ದಾನೆ ಅನ್ನಲಿ. ಆಮೇಲೆ ಹೋಗ್ತೀವಿ."

"ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ ಮೇಡಂ."

"ಆಗ್ಲಿ," ಎಂದಳು. ಬೂಟು ಕಳಚಿ ಬೆಂಚಿನ ಕೆಳಗೆ ಜೋಡಿಸಿಟ್ಟು, ಒಳಬಾಗಿಲಿನ ಕಡೆ ಮುಖ ಮಾಡಿ ಕೂತಳು.